ಫ್ರೇಸರ್ ನದಿಯಲ್ಲಿ ಗಾಳ ಹಾಕೋಕೆ ಹೋಗ್ತೀರಾ? ಮುಂಗಡ ಕೊಡೋ ಮುಂಚೆ ಇದನ್ನು ಕೇಳಿ

ಕೆನಡಾದ ಫ್ರೇಸರ್ ನದಿಯಲ್ಲಿ ದೋಣಿ, ಗೈಡ್ ಕೊಟ್ಟು ಮೀನು ಹಿಡಿಸುವ ಕಂಪನಿಯವರು ಸಾಲ್ಮನ್, ಸ್ಟರ್ಜನ್ ಎರಡೂ ಜಾತಿಯ ಮೀನು ಒಂದೇ ದಿನ ಅಂತ ಹೇಳಿ ಪೂರ್ತಿ ದುಡ್ಡು ಕಟ್ಟಿಸಿಕೊಂಡಿದ್ದರು. ಬೆಳಿಗ್ಗೆ ಚಿಲಿವ್ಯಾಕ್‌ನಲ್ಲಿ ದೋಣಿ ಹತ್ತುವ ಜಾಗಕ್ಕೆ ಹೋದ ಮೇಲೆ, ‘ಈ ವಾರ ಸಾಲ್ಮನ್ ಬಂದ್’ ಅಂದರು. ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದರೆ, ‘ಸ್ಟರ್ಜನ್ ಇದೆಯಲ್ಲ’ ಅಂತ ನಗು. ವ್ಯಾಂಕೂವರ್‌ನಿಂದ ನೂರು ಕಿಲೋಮೀಟರ್ ಬಂದು ನಿಂತವರು ಇನ್ನೇನು ಮಾಡೋದು? ಹತ್ತಿದೆವು.

ಬಂದ್ ಆಗಿದ್ದು ಅವರ ತಪ್ಪಲ್ಲ, ಒಪ್ಪೋಣ. ಸಾಲ್ಮನ್ ಯಾವಾಗ ಹಿಡಿಯಬಹುದು ಅನ್ನೋದನ್ನು ಕೆನಡಾದ ಕೇಂದ್ರ ಮೀನುಗಾರಿಕೆ ಇಲಾಖೆ ಸೀಸನ್ ನಡುವೆಯೇ ತೀರ್ಮಾನಿಸುತ್ತದೆ. ಸಾಕೈ, ಪಿಂಕ್, ಚಿನೂಕ್, ಕೋಹೋ, ಚಮ್ ಅಂತ ಸಾಲ್ಮನ್‌ನ ಐದೂ ಜಾತಿ ಸಮುದ್ರದಿಂದ ಇದೇ ನದಿಯಲ್ಲಿ ಮೇಲಕ್ಕೆ ಹತ್ತುತ್ತವೆ. ಒಂದು ಜಾತಿ ದಂಡಿಯಾಗಿ ಬರುತ್ತಿದ್ದರೂ, ಅದರ ಜೊತೆ ಹೋಗುವ ಇನ್ನೊಂದು ಗುಂಪು ಕಡಿಮೆಯಾಗಿದ್ದರೆ ಗಾಳ ಎತ್ತಿಡಬೇಕು. ಆದರೆ ಆ ಆದೇಶ ಇಲಾಖೆಯ ವೆಬ್‌ಸೈಟ್‌ನಲ್ಲಿ ಮೊದಲೇ ಬಂದಿತ್ತು. ಒಂದು ಫೋನ್ ಮಾಡೋಕೆ ಏನಾಗಿತ್ತು?

ಹಾಗಾಗಿ, ಸಾಲ್ಮನ್ ಬಂದ್ ಆದರೆ ದುಡ್ಡು ವಾಪಸ್ಸೋ, ತಾರೀಖು ಬದಲಿಯೋ ಅಂತ ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ. ವರ್ಷವನ್ನೂ ನೋಡಿಕೊಳ್ಳಿ. ಪಿಂಕ್ ಬರುವುದು ಬೆಸ ವರ್ಷಗಳಲ್ಲಿ. ಸಾಕೈ ನಾಲ್ಕು ವರ್ಷಕ್ಕೊಮ್ಮೆ ಜಾಸ್ತಿ ಬರುತ್ತದೆ: 2010, 2014, 2018, 2022 ಹೀಗೆ. ಆ ವರ್ಷಗಳಲ್ಲೂ ಗ್ಯಾರಂಟಿ ಅಂತೇನಿಲ್ಲ.

ಹೇಳಿದ ರೇಟಿನಲ್ಲಿ ಲೈಸೆನ್ಸ್ ಸೇರಿರಲಿಲ್ಲ, ಅದೂ ಅಲ್ಲೇ ಗೊತ್ತಾಗಿದ್ದು. ಮಿಷನ್ ಊರಿನ ರೈಲು ಸೇತುವೆಯಿಂದ ಮೇಲಕ್ಕೆ ಪ್ರಾಂತ್ಯದ ಲೈಸೆನ್ಸ್, ಕೆಳಗೆ ಸಮುದ್ರದ ಕಡೆಗೆ ಕೇಂದ್ರದ್ದು. ಮೇಲಿನ ಭಾಗದಲ್ಲಿ ಸ್ಟರ್ಜನ್‌ಗೆ ಅದರ ಮೇಲೆ ಇನ್ನೊಂದು ಲೈಸೆನ್ಸ್. ವಿದೇಶಿಯರಿಗೆ ದರ ಜಾಸ್ತಿ. ಜೊತೆಗೆ ಶೇ 5 ಜಿಎಸ್‌ಟಿ, ಗೈಡ್‌ಗೆ ಟಿಪ್. ರೇಟು ದೋಣಿಗೋ ತಲೆಗೋ ಅಂತಲೂ ಕೇಳಿ.

ಇಷ್ಟೆಲ್ಲ ಬೈದರೂ ಸ್ಟರ್ಜನ್ ಬಗ್ಗೆ ಒಂದು ಕೆಟ್ಟ ಮಾತೂ ಆಡಲಾರೆ. ಗೈಡ್ ಹುಡುಗ ಸಾಲ್ಮನ್ ಮೊಟ್ಟೆಗಳನ್ನು ಹೆಂಗಸರ ನೈಲಾನ್ ಸ್ಟಾಕಿಂಗ್ ತುಂಡಿನಲ್ಲಿ ಸುತ್ತಿ, ನಿಂಬೆ ಗಾತ್ರದ ಗಂಟು ಕಟ್ಟಿ ಕೊಕ್ಕೆಗೆ ಸಿಕ್ಕಿಸಿದ. ಕೊಕ್ಕೆಗೆ ಮುಳ್ಳು ಇರಬಾರದು, ಅದು ಕಾನೂನು. ಲಂಗರು ಹಾಕಿ ಕೂತೆವು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ರಾಡ್ ತುದಿ ಸುಮ್ನೆ ಎರಡು ಸಲ ಅದುರಿತು. ಇಷ್ಟು ದೊಡ್ಡ ಮೀನು ಇಷ್ಟು ನಾಜೂಕಾಗಿ ಕಚ್ಚುತ್ತಾ ಅಂದುಕೊಳ್ಳುವಷ್ಟರಲ್ಲಿ ರೀಲ್ ಕಿರುಚಿತು. ನೀರಿನಿಂದ ಪೂರ್ತಿ ಮೇಲೆ ಹಾರಿದಾಗ ನೋಡಿದರೆ ನನಗಿಂತ ಉದ್ದ!

ದಡಕ್ಕೆ ತರುವಷ್ಟರಲ್ಲಿ ಕೈ ಸತ್ತುಹೋಗಿತ್ತು. ಮೈಮೇಲೆ ಬೇರೆ ಮೀನಿನ ಹಾಗೆ ಹುರುಪೆ ಇಲ್ಲ, ಎಲುಬಿನ ಗುಬುಟುಗಳ ಸಾಲು. ಮೂತಿಯ ಕೆಳಗೆ ನಾಲ್ಕು ಮೀಸೆ. ಹಲ್ಲಿಲ್ಲದ ಬಾಯಿ ವ್ಯಾಕ್ಯೂಮ್ ಕ್ಲೀನರ್ ಪೈಪಿನ ಹಾಗೆ ಹೊರಗೆ ಚಾಚುತ್ತದೆ. ಹುಡುಗ ತಲೆಯ ಹಿಂದೆ ಯಂತ್ರ ಹಿಡಿದ, ಬೀಪ್ ಅಂತು. ಯಾರೋ ಮುಂಚೆ ಹಿಡಿದು ಚರ್ಮದೊಳಗೆ ಚಿಪ್ ಹಾಕಿ ಬಿಟ್ಟ ಮೀನು. ಅಳತೆ ಬರೆದುಕೊಂಡು ಬಿಟ್ಟುಬಿಟ್ಟ. ನೂರು ವರ್ಷ ದಾಟಿ ಬದುಕುವ ಜಾತಿ ಇದು. ಇಲ್ಲಿ ಒಂದನ್ನೂ ಮನೆಗೆ ಒಯ್ಯುವಂತಿಲ್ಲ. ‘ತಿನ್ನೋಕಿಲ್ಲ ಅಂದ್ಮೇಲೆ ಯಾಕೋ ಇಷ್ಟು ಒದ್ದಾಟ?’ ಅಂದರು ಭಾವ. ಭೀಮೇಶ್ವರಿಯಲ್ಲಿ ಹಿಂದೆ ರಾಗಿ ಉಂಡೆ ಹಾಕಿ ಮಹಶೀರ್ ಹಿಡಿದು ಮತ್ತೆ ಕಾವೇರಿಗೇ ಬಿಡ್ತಿದ್ದರಲ್ಲ, ಅದೇ ಲೆಕ್ಕ ಅಂತ ಹೇಳಿದೆ. ಭಾವನಿಗೆ ಅದೂ ಒಪ್ಪಿಗೆಯಾಗಲಿಲ್ಲ.

ಗೈಡ್ ಇಲ್ಲದೆ ಕಡಿಮೆ ಖರ್ಚಲ್ಲಿ ಸಾಲ್ಮನ್ ಬೇಕು ಅನ್ನುವವರು ಪಕ್ಕದ ವೆಡ್ಡರ್ ಹೊಳೆಗೆ ಹೋಗುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಒಬ್ಬರ ದಾರ ಇನ್ನೊಬ್ಬರ ದಾರಕ್ಕೆ ಸುತ್ತಿಕೊಂಡು ಜಗಳ. ನನಗಂತೂ ಬೇಡಪ್ಪ.

ರೂಮಿನ ವಿಷಯ. ಫ್ರೇಸರ್ ಕಣಿವೆಯಲ್ಲಿ ನದಿಯ ಎರಡೂ ಕಡೆ ರೈಲು ಹಳಿ ಇದೆ. ನಾವಿದ್ದ ಮೋಟೆಲ್ ಹಳಿಗೆ ಅಂಟಿಕೊಂಡೇ ಇತ್ತು. ಗೂಡ್ಸ್ ಹೋದರೆ ಮಂಚ ಅಲುಗುತ್ತೆ, ಮುಗಿಯೋದೇ ಇಲ್ಲ ಅನ್ನುವಷ್ಟು ಉದ್ದದ ರೈಲುಗಳು. ಬಾಡಿಗೆ ಮಾತ್ರ ಸ್ಟಾರ್ ಹೋಟೆಲಿನದು! ಮ್ಯಾಪ್‌ನಲ್ಲಿ ಹಳಿ ನೋಡಿಯೇ ಬುಕ್ ಮಾಡಿ.

ಊಟಕ್ಕೆ ಆಬಟ್ಸ್‌ಫೋರ್ಡ್‌ಗೆ ಹೋಗಿ. ಪಂಜಾಬಿಗಳ ಊರು ಅಂದರೂ ನಡೆಯುತ್ತೆ, 1911ರ ಗುರುದ್ವಾರ ಇನ್ನೂ ಇದೆ. ಅಲ್ಲೊಂದು ಸಿಹಿತಿಂಡಿ ಅಂಗಡಿಯ ಹಿಂಭಾಗದಲ್ಲಿ ನಾಲ್ಕು ಮೇಜು. ಛೋಲೆ ಭಟೂರೆ ಹೇಳಿದರೆ ಅಂಗೈಗಿಂತ ದೊಡ್ಡ ಎರಡು ಭಟೂರೆ, ಉಬ್ಬಿದ್ದು ಇಳಿಯುವ ಮೊದಲೇ ಮೇಜಿಗೆ ಬರುತ್ತೆ. ಕಡಲೆ ಬೆರಳಲ್ಲಿ ಒತ್ತಿದರೆ ಪುಡಿ. ಮೂಲಂಗಿ, ಹಸಿಮೆಣಸಿನಕಾಯಿ ಉಪ್ಪಿನಕಾಯಿ ಎಷ್ಟು ಬೇಕಾದರೂ ಹಾಕಿಕೊಳ್ಳಿ. ಲಸ್ಸಿ ಸ್ಟೀಲ್ ಲೋಟದಲ್ಲಿ. ಸಸ್ಯಾಹಾರಿ ಅಕ್ಕ ಮೊದಲ ಸಲ ನೆಮ್ಮದಿಯಾಗಿ ಉಂಡಳು. ದೋಣಿಯಲ್ಲಿ ಕೊಟ್ಟ ಒಣ ಸ್ಯಾಂಡ್‌ವಿಚ್‌ಗಿಂತ ಇದು ನೂರು ಪಾಲು ಮೇಲು. ಬೆಳಿಗ್ಗೆ ಹೋಗುವಾಗಲೇ ಪರಾಠಾ ಕಟ್ಟಿಸಿಕೊಳ್ಳಿ.

ಇನ್ನೊಂದು. ದೊಡ್ಡ ಸ್ಟರ್ಜನ್‌ನ್ನು ನೀರಿನಿಂದ ಎತ್ತುವುದಿಲ್ಲ, ಫೋಟೋ ಬೇಕಾದರೆ ನೀವೇ ನೀರಿಗಿಳಿಯಬೇಕು. ಆಗಸ್ಟ್‌ನಲ್ಲೂ ನೀರು ತಣ್ಣಗಿರುತ್ತೆ. ಬದಲಿ ಪ್ಯಾಂಟು ಇಟ್ಟುಕೊಳ್ಳಿ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಬಾಡಿಗೆ ಕಾರಿನಲ್ಲಿ ಮೀನಿನ ಮೊಟ್ಟೆಯ ವಾಸನೆ ಉಳಿದರೆ ಕ್ಲೀನಿಂಗ್ ಚಾರ್ಜ್ ಅಂತ ಇನ್ನೊಂದು ಬಿಲ್ ಬರುತ್ತೆ.