ಸೆಟ್ಟಿಂಗ್ ಟೈಮಿಗೆ ದುಡ್ಡು ಕೊಡೋರ್ಯಾರು?

ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎರಡು ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ಲೇತ್), ಒಂದು ವಿಎಂಸಿ (ಕಂಪ್ಯೂಟರ್ ಮಿಲ್ಲಿಂಗ್ ಮಷೀನು) ಇಟ್ಕೊಂಡು, ಬೇರೆ ಕಂಪನಿಗಳಿಗೆ ಪಾರ್ಟ್ ಮಾಡಿಕೊಡೋ ಜಾಬ್ ವರ್ಕ್ ಮಾಡೋ ಓನರ್‌ಗಳನ್ನ ಮಾತಾಡಿಸಿದ್ರೆ ಮೊದಲು ಹೇಳೋದು ಆರ್ಡರ್ ಇಲ್ಲ, ರೇಟ್ ಸಿಗಲ್ಲ, ಪೇಮೆಂಟ್ ಬರಲ್ಲ ಅಂತ. ಮೂರೂ ನಿಜಾನೇ. ಆದ್ರೆ ಕೈತುಂಬ ಆರ್ಡರ್ ಇದ್ದೂ ತಿಂಗಳ ಕೊನೆಗೆ ಇಎಂಐ ಕಟ್ಟೋಕೆ ಒದ್ದಾಡೋ ಶಾಪ್‌ಗಳನ್ನ ನಾನು ತುಂಬಾ ನೋಡಿದೀನಿ, ಅಂಥ ಕಡೆ ದುಡ್ಡು ಸೋರೋದು ಬಹುಪಾಲು ಸೆಟ್ಟಿಂಗ್‌ನಲ್ಲೇ, ಅಂದ್ರೆ ಒಂದು ಜಾಬ್ ಮುಗಿಸಿ ಇನ್ನೊಂದಕ್ಕೆ ಮಷೀನ್ ರೆಡಿ ಮಾಡೋ ಹೊತ್ತಲ್ಲೇ.

ಒಂದು ಲೆಕ್ಕ ನೋಡಿ. ಇಎನ್8 ಉಕ್ಕಿನ ಶಾಫ್ಟು, 40 ಪೀಸು, ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯೋ ಹೊತ್ತು) 3 ನಿಮಿಷ, ಅಂದ್ರೆ ಕಟಿಂಗ್ ಒಟ್ಟು 2 ಗಂಟೆ. ಹಳೇ ಜಾಬ್ ಇಳಿಸಿ, ಜಾಬ್ ಹಿಡಿಯೋ ಸಾಫ್ಟ್ ಜಾ ಹಾಕಿ ಅಳತೆಗೆ ಬೋರ್ ಮಾಡಿ (ಕೊರೆದು), ಟೂಲ್ ಆಫ್‌ಸೆಟ್ (ಟೂಲ್ ಎಲ್ಲಿದೆ ಅನ್ನೋ ಅಳತೆ) ತಗೊಂಡು, ಫಸ್ಟ್ ಪೀಸ್ ಓಕೆ ಆಗೋ ಹೊತ್ತಿಗೆ ಎರಡೂವರೆ ಗಂಟೆ. ಮಷೀನು ಈ ಆರ್ಡರಿಗೆ ನಾಲ್ಕೂವರೆ ಗಂಟೆ ಸಿಕ್ಕಾಕ್ಕೊಳ್ತು, ಕೋಟೇಶನ್ ಹಾಕಿರೋದು ಮಾತ್ರ ಎರಡು ಗಂಟೆಗೆ! 500 ಪೀಸ್ ಆಗಿದ್ರೆ 25 ಗಂಟೆ ಕಟಿಂಗಿನಲ್ಲಿ ಇದು ಗೊತ್ತೇ ಆಗ್ತಿರಲಿಲ್ಲ, ಆದ್ರೆ ಕಸ್ಟಮರ್‌ಗಳು ಸ್ಟಾಕ್ ಇಟ್ಕೊಳ್ಳೋಕೆ ಇಷ್ಟಪಡದೆ 30, 40 ಅಂತ ಚೂರುಚೂರೇ ಶೆಡ್ಯೂಲ್ ಕೊಟ್ರೆ ಸಣ್ಣ ಶಾಪ್ ಏನು ಮಾಡಬೇಕು.

ಆ ಎರಡೂವರೆ ಗಂಟೆ ಮಷೀನ್ ಪಕ್ಕ ಸುಮ್ನೆ ನಿಂತು ನೋಡಿ. ಸೆಟ್ಟರ್ ಅಲೆನ್ ಕೀ ಹುಡುಕ್ತಿರ್ತಾನೆ. ಹೋದ ತಿಂಗಳು ಇದೇ ಜಾಬಿಗೆ ಬೋರ್ ಮಾಡಿದ್ದ ಜಾ ಇನ್ಯಾವುದೋ ಜಾಬಿಗೆ ಕೊರೆದಾಗಿದೆ. ಇನ್ಸರ್ಟ್ (ಟೂಲ್ ತುದಿಗೆ ಹಾಕೋ ಕಟಿಂಗ್ ಬಿಲ್ಲೆ) ಇಟ್ಟಿರೋ ಬೀರು ಬೀಗದ ಕೈ ಓನರ್ ಜೇಬಲ್ಲಿ, ಓನರ್ ಬ್ಯಾಂಕಲ್ಲಿ. ಡ್ರಾಯಿಂಗ್ ರಿವಿಷನ್ ಯಾರದೋ ವಾಟ್ಸಾಪಲ್ಲಿ ಕೂತಿದೆ. ಇಷ್ಟು ಹೊತ್ತೂ ಸ್ಪಿಂಡಲ್ ನಿಂತಿರುತ್ತೆ, ಬಡ್ಡಿ ಓಡ್ತಿರುತ್ತೆ.

ಜಪಾನಿನ ಇಂಜಿನಿಯರ್ ಶಿಗೆಯೊ ಶಿಂಗೊ ತಲೆ ಕೆಡಿಸ್ಕೊಂಡಿದ್ದು ಇದಕ್ಕೇನೇ. 1969ರಲ್ಲಿ ಟೊಯೊಟಾದ 1000 ಟನ್ ಪ್ರೆಸ್ಸಿಗೆ ಡೈ (ಅಚ್ಚು) ಬದಲಾಯಿಸೋಕೆ 4 ಗಂಟೆ ಹಿಡೀತಿತ್ತು, ಅದನ್ನ ಮೊದಲು ಒಂದೂವರೆ ಗಂಟೆಗೆ, ಆಮೇಲೆ 3 ನಿಮಿಷಕ್ಕೆ ತಂದ್ರು. ಮೂಲ ವಿಚಾರ ಏನಂದ್ರೆ ಮಷೀನ್ ಓಡ್ತಿರುವಾಗಲೇ ಮಾಡಬಹುದಾದ ತಯಾರಿನ ಮಷೀನ್ ನಿಲ್ಲಿಸಿ ಮಾಡಬಾರದು, ಅಷ್ಟೇ. ನಮ್ಮ ಶಾಪಿಗೆ 3 ನಿಮಿಷ ಬೇಡ, 50 ನಿಮಿಷಕ್ಕೆ ಬಂದ್ರೂ ಸಾಕು, ಅದಕ್ಕೆ ಹೊಸ ಮಷೀನೂ ಬೇಕಾಗಿಲ್ಲ. ಜಾ ಮೇಲೆ ಜಾಬ್ ನಂಬರ್ ಪಂಚ್ ಮಾಡಿ ಗೋಡೆಗೆ ನೇತುಹಾಕಿ, ಮುಂದಿನ ಜಾಬಿನ ಟೂಲು ಗೇಜು ಡ್ರಾಯಿಂಗು ಎಲ್ಲಾ ಒಂದು ಟ್ರಾಲಿಲಿ ರೆಡಿ ಇಡಿ.

ಇನ್ನೊಂದು, ಸೆಟ್ಟಿಂಗ್ ಶೀಟು. ಟೂಲ್ ಎಷ್ಟು ಎಂಎಂ ಹೊರಗಿರಬೇಕು, ಯಾವ ಗ್ರೇಡ್ ಇನ್ಸರ್ಟು, ಚಕ್ ಪ್ರೆಶರ್ ಎಷ್ಟು, ಜೊತೆಗೆ ಮೊಬೈಲಲ್ಲಿ ತೆಗೆದ ಎರಡು ಫೋಟೋ. ಇದೆಲ್ಲಾ ಈಗ ಸೆಟ್ಟರ್ ತಲೇಲಿರುತ್ತೆ, ಅವನು ಎರಡು ಸಾವಿರ ಜಾಸ್ತಿ ಸಿಗುತ್ತೆ ಅಂತ ಪಕ್ಕದ ರೋಡಿನ ಶಾಪಿಗೆ ಹೋದ ದಿನ ನಿಮ್ಮ ಶಾಪು ಅರ್ಧ ಖಾಲಿ ಆದಂಗೆ. ಅವನು ಹೋಗೋದು ತಪ್ಪಲ್ಲ, ಅವನಿಗೂ ಸಂಸಾರ ಇದೆ.

ನನಗೆ ನಿಜವಾಗ್ಲೂ ಬೇಜಾರಾಗೋದು ಇಲ್ಲೇ. 1972ರಿಂದ ಸರ್ಕಾರದ ಟೂಲ್ ರೂಮ್ ತರಬೇತಿ ಸಂಸ್ಥೆ ಜಿಟಿಟಿಸಿ ಟೂಲ್ ಅಂಡ್ ಡೈ ಹುಡುಗರನ್ನ ತಯಾರು ಮಾಡ್ತಿದೆ, ಕೈಕೆಲಸ ಬಲ್ಲೋರು ನಮ್ಮಲ್ಲಿ ಕಮ್ಮಿ ಇಲ್ಲ. ಆದ್ರೆ ಲೇತ್ ಮುಂದೆ ನಿಂತು ಕಲಿತು ಓನರ್ ಆದವ್ರಿಗೆ ಪ್ಲಾನಿಂಗು, ಕಾಸ್ಟಿಂಗು ಕೂರಿಸಿ ಹೇಳಿಕೊಟ್ಟೋರು ಯಾರು? ಸಂಜೆ ಹೊತ್ತು, ಕನ್ನಡದಲ್ಲಿ, ಅವರದೇ ಜಾಬ್ ಕಾರ್ಡ್ ಇಟ್ಕೊಂಡು ಹೇಳಿಕೊಡೋ ಕ್ಲಾಸು ಪೀಣ್ಯದ ಒಂದೊಂದು ಸ್ಟೇಜಲ್ಲೂ ಇರಬೇಕು.

ಪೇಮೆಂಟ್ ವಿಷಯಕ್ಕೆ ಸಣ್ಣ ಉದ್ಯಮಗಳ 2006ರ ಕಾಯ್ದೆ (ಎಂಎಸ್‌ಎಂಇಡಿ) ಇದೆ, 45 ದಿನ ಮೀರಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಆದ್ರೆ ನಾಳೆ ಆರ್ಡರ್ ಕೊಡಬೇಕಾದವರ ಮೇಲೆ ಕಂಪ್ಲೇಂಟ್ ಹಾಕೋಕೆ ಎಷ್ಟು ಜನಕ್ಕೆ ಧೈರ್ಯ ಬರುತ್ತೆ ಹೇಳಿ. ಕೋಟೇಶನ್ ಆದ್ರೂ ನಿಮ್ಮ ಕೈಲಿದೆ. ಮುಂದಿನ ಸಲ ಪೀಸ್ ರೇಟಿನ ಕೆಳಗೆ ಸೆಟ್ಟಿಂಗ್ ಚಾರ್ಜ್ ಅಂತ ಬೇರೆ ಸಾಲು ಹಾಕಿ. ಪರ್ಚೇಸ್‌ನೋರು ಇದೇನ್ರೀ ಹೊಸದು ಅಂತಾರೆ, ಲೆಕ್ಕ ತೋರಿಸಿ. ಹಂಗಾದ್ರೆ ಎರಡು ತಿಂಗಳದ್ದು ಒಟ್ಟಿಗೇ ಮಾಡಿಕೊಡಿ ಅಂತ ಕೆಲವರು ತಾವೇ ಹೇಳ್ತಾರೆ.