ಹಗ್ಗ ಸಡಿಲಿಸಿದ್ದು ಯಾರು?

ನಮ್ಮ ಬೀದಿಯ ಕೊನೆ ಗಿಡದ ಆಸರೆ ಕೋಲಿನ ಹಗ್ಗವನ್ನು ಯಾರೋ ಬಿಚ್ಚಿ, ಸಡಿಲವಾಗಿ ಮತ್ತೆ ಕಟ್ಟಿದ್ದಾರೆ. ಬೆಳಿಗ್ಗೆ ನೋಡಿದೆ. ಕಾಂಡದ ಮೇಲೆ ಹಳೆ ಹಗ್ಗ ಕಚ್ಚಿದ ಗುರುತು ಇನ್ನೂ ಹಾಗೇ ಇದೆ.

ಗಿಡದ ಊಟ ಓಡಾಡುವುದೇ ತೊಗಟೆಯೊಳಗೆ. ಕಾಂಡ ದಪ್ಪ ಆದಂತೆ ಹಗ್ಗ ಅದನ್ನೇ ಹಿಸುಕುತ್ತದೆ. ಬಿಟ್ಟಿದ್ದರೆ ಎಷ್ಟು ನೀರು ಹಾಕಿದರೂ ಸೊರಗುತ್ತಿತ್ತು.

ನೆಟ್ಟ ದಿನ ಜನವೋ ಜನ. ಫೋಟೋದಲ್ಲಿ ಗಿಡವೇ ಕಾಣಲ್ಲ, ಬರೀ ತಲೆಗಳು! ಅದೂ ಬೇಕು ಬಿಡಿ, ಗುಂಡಿ ತೋಡಲು ಅಷ್ಟು ಕೈ ಬೇಕೇ ಬೇಕು. ಆದರೆ ಆಮೇಲಿನ 2–3 ವರ್ಷದ ನೀರು, ಕಳೆ, ಈ ಹಗ್ಗ... ಇದಕ್ಕೆ ಯಾರೂ ಬ್ಯಾನರ್ ಕಟ್ಟಲ್ಲ ಅಲ್ವಾ?

ಗ್ರೂಪಿನಲ್ಲಿ ಕೇಳಿದೆ. ಯಾರೂ ಬಾಯಿ ಬಿಡುತ್ತಿಲ್ಲ.

ಭಾನುವಾರ ಉಳಿದ ಗಿಡಗಳನ್ನೂ ನೋಡೋಣ. ಕತ್ತರಿ ಇದ್ದವರು ತನ್ನಿ. ತಂತಿ ಮಾತ್ರ ಬೇಡ, ಹಳೆ ಬಟ್ಟೆಯ ಪಟ್ಟಿ ಸಾಕು.