ಕುರಿಗ್ರಾಮದ ಬಸ್ ಚಾರ್ಜು

ಮೊದಲೇ ಹೇಳಿಬಿಡುತ್ತೇನೆ. ಢಾಕಾದಿಂದ ಉತ್ತರಕ್ಕೆ ಹೋಗುವುದಾದರೆ ಗುರುವಾರ ರಾತ್ರಿಯ ಬಸ್ ಮಾತ್ರ ಹತ್ತಬೇಡಿ. ಬಾಂಗ್ಲಾದೇಶದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಸಂಜೆಯಾದರೆ ಅರ್ಧ ಢಾಕಾ ಗಂಟುಮೂಟೆ ಕಟ್ಟಿ ಊರಿಗೆ ಹೊರಟಿರುತ್ತದೆ. ನನಗಿದು ಗೊತ್ತಿರಲಿಲ್ಲ. ನನ್ನ ಸೀಟನ್ನು ಬಸ್‌ನವರು ಇನ್ನೊಬ್ಬರಿಗೂ ಮಾರಿದ್ದರು. ಜಗಳ ಆಡೋಣ ಅಂದರೆ ಬಂಗಾಳಿ ಬರುವುದಿಲ್ಲ. ಡ್ರೈವರ್ ಪಕ್ಕ ಇಂಜಿನ್ ಮೇಲೆ ಕೂರಿಸಿದರು. ಜಮುನಾ ಸೇತುವೆ ಬರುವ ಹೊತ್ತಿಗೆ ಕೂತ ಜಾಗ ಬೆಂದುಹೋಗಿತ್ತು. ಆ ಸೇತುವೆಯನ್ನು ನೋಡುವ ಆಸೆ ಬಹಳ ಇತ್ತು. 4.8 ಕಿ.ಮೀ. ಉದ್ದ. 1998ರಲ್ಲಿ ಅದು ತೆರೆದ ಮೇಲೇ ಉತ್ತರದ ಜನಕ್ಕೆ ಢಾಕಾ ಹತ್ತಿರವಾಗಿದ್ದು. ನನಗೆ ಕಂಡಿದ್ದು ಮುಂದಿನ ಲಾರಿಯ ಹಿಂಭಾಗ ಮಾತ್ರ.

ಢಾಕಾದಲ್ಲಿ ಕಳೆದ ನಾಲ್ಕು ದಿನದ ಬಗ್ಗೆ ಬರೆಯಲು ಏನಿಲ್ಲ. ಬಡತನ ಕಡಿಮೆ ಮಾಡುವುದು ಹೇಗೆ ಎಂಬ ಸಭೆ. ಎಸಿ ಜಾಸ್ತಿ, ಸ್ಲೈಡು ಇನ್ನೂ ಜಾಸ್ತಿ, ಕಾಫಿಯಂತೂ ಬಿಸಿನೀರು. ಅಲ್ಲಿಂದ ಒಂದೇ ಒಂದು ಪದ ತಲೆಗೆ ಅಂಟಿಕೊಂಡು ಬಂತು: ಮೊಂಗಾ.

ಮೊಂಗಾ ಅಂದರೆ ಹಸಿವಿನ ಕಾಲ. ಭತ್ತದ ನಾಟಿ ಮುಗಿದಿರುತ್ತದೆ, ಕೊಯ್ಲು ಇನ್ನೂ ಬಂದಿರುವುದಿಲ್ಲ. ಸ್ವಂತ ಜಮೀನು ಇಲ್ಲದವರಿಗೆ ಆಗ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಅಕ್ಕಿ ಇಲ್ಲ. ಅದರಲ್ಲೂ ಕಾರ್ತಿಕ ಮಾಸ ಬಲು ಕೆಟ್ಟದ್ದು. ರಂಗಪುರದ ಕಡೆಯವರು ಅದನ್ನು 'ಮರಾ ಕಾರ್ತಿಕ್', ಸತ್ತ ಕಾರ್ತಿಕ ಅನ್ನುತ್ತಾರೆ. ನಾನು ಹೋಗಿದ್ದೂ ಅದೇ ತಿಂಗಳಲ್ಲಿ.

ಬೆಳಗ್ಗೆ ಇಳಿದದ್ದು ಕುರಿಗ್ರಾಮದಲ್ಲಿ. ಹೆಸರು ಕೇಳಿ ಕುರಿ ಹುಡುಕಬೇಡಿ, ಬಂಗಾಳಿಯಲ್ಲಿ ಕುರಿ ಅಂದರೆ ಇಪ್ಪತ್ತು. 2016ರ ಸರ್ಕಾರಿ ಸಮೀಕ್ಷೆಯಲ್ಲಿ ಇಡೀ ದೇಶದಲ್ಲೇ ಬಡತನ ಜಾಸ್ತಿ ಇದ್ದ ಜಿಲ್ಲೆ ಇದು. ನೂರಕ್ಕೆ ಎಪ್ಪತ್ತು ಜನ ಬಡವರು. ರಂಗಪುರದ ಗೆಳೆಯರೊಬ್ಬರು ಜೊತೆಯಾದರು. ಚಿಲ್ಮಾರಿಯಿಂದ ದೋಣಿ ಹಿಡಿದು ಬ್ರಹ್ಮಪುತ್ರದ ನಡುವಿನ ಒಂದು ಚರ್‌ಗೆ ಹೊರಟೆವು. ಚರ್ ಅಂದರೆ ನದಿ ತಂದು ಹಾಕಿದ ಮರಳಿನ ದಿಬ್ಬ. ನದಿ ಕೊಡುತ್ತದೆ, ಮನಸ್ಸು ಬಂದಾಗ ವಾಪಸ್ ತಗೊಳ್ಳುತ್ತದೆ. ಕಣ್ಣು ಹಾಯಿಸಿದಷ್ಟೂ ಬಿಳಿ ಕಾಶ ಹೂವಿನ ಹುಲ್ಲು. ಇಷ್ಟು ಚಂದದ ಜಾಗ ಹಸಿವಿನದ್ದು ಅಂದರೆ ನಂಬುವುದು ಕಷ್ಟ.

ದೋಣಿಯಲ್ಲಿ ಪಕ್ಕದಲ್ಲಿದ್ದ ಹಿರಿಯರು ನಮ್ಮನ್ನು ಮನೆಗೆ ಕರೆದರು. ತಗಡಿನ ಮನೆ. ಪ್ರತಿ ತಗಡಿನ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ನಂಬರ್. ಯಾಕೆ ಅಂತ ಕೇಳಿದೆ. ನದಿ ದಂಡೆ ಕೊರೆಯುತ್ತಾ ಹತ್ತಿರ ಬಂದರೆ ಮನೆ ಬಿಚ್ಚಿ ದೋಣಿಗೆ ಹಾಕಬೇಕು, ಹೊಸ ಜಾಗದಲ್ಲಿ ಮತ್ತೆ ಜೋಡಿಸುವಾಗ ಯಾವುದು ಎಲ್ಲಿ ಅಂತ ಗೊತ್ತಾಗಬೇಕಲ್ಲ, ಅಂದರು. ಏಳು ಸಲ ಬಿಚ್ಚಿದ್ದಾರಂತೆ. ಹನ್ನೊಂದನೇ ನಂಬರಿನ ತಗಡು ಒಂದು ಸಲ ನೀರುಪಾಲಾಯಿತು. ಈಗಲೂ ಹತ್ತಾದ ಮೇಲೆ ಹನ್ನೆರಡೇ.

ಮೊಂಗಾ ಬಗ್ಗೆ ಕೇಳಿದೆ. ಈಗ ಮೊದಲಿನಷ್ಟು ಇಲ್ಲ ಅಂದರು. ಬೇಗ ಕೊಯ್ಲಿಗೆ ಬರುವ ಭತ್ತ ಬಂತು. ಮಗ ಗಾಜಿಪುರದ ಗಾರ್ಮೆಂಟ್ಸ್‌ನಲ್ಲಿದ್ದಾನೆ, ಫೋನಿಗೇ ದುಡ್ಡು ಹಾಕುತ್ತಾನೆ. ಪಕ್ಕದ ಮನೆಯವಳಿಗೆ ಬ್ರ್ಯಾಕ್ ಸಂಸ್ಥೆ ಒಂದು ಹಸು ಕೊಟ್ಟಿತ್ತು. ಕಡುಬಡವರಿಗೆ ಸಾಲದ ಬದಲು ಹಸುವನ್ನೋ ಮೇಕೆಯನ್ನೋ ಕೊಟ್ಟು, ಎರಡು ವರ್ಷ ಮನೆಗೆ ಬಂದು ಹೇಳಿಕೊಡುವ ಆ ಯೋಜನೆ 2002ರಲ್ಲಿ ಶುರುವಾದದ್ದು. ಹಸುವಿನ ಮಾತು ಬಂದಾಗ ಹಿರಿಯರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು.

"ಮೊದಲೆಲ್ಲ ಮೊಂಗಾ ಬಂದಾಗ ಬೇರೆ ಕಡೆ ದುಡಿಯಲು ಹೋಗಬಹುದಿತ್ತಲ್ವಾ? ಬೊಗುರಾದಲ್ಲಿ, ಢಾಕಾದಲ್ಲಿ ಕೆಲಸ ಇತ್ತಲ್ಲ?" ಅಂದೆ. ಗೆಳೆಯ ಅದನ್ನು ಅನುವಾದಿಸಲು ಹಿಂದೆಮುಂದೆ ನೋಡಿದರು. ಕೊನೆಗೂ ಕೇಳಿದರು.

ಹಿರಿಯರಿಗೆ ಕೋಪ ಬರಲಿಲ್ಲ. ನನ್ನನ್ನೇ ತಿರುಗಿ ಕೇಳಿದರು: "ಬಸ್ ಚಾರ್ಜು?"

ಸಾಲ ತೆಗೆಯಬಹುದಿತ್ತಲ್ಲ, ಅಂದೆ.

"ಸಾಲ ಮಾಡಿ ಹೋದೆ, ಕೆಲಸ ಸಿಗಲಿಲ್ಲ ಅಂತಿಟ್ಟುಕೊಳ್ಳಿ. ಬಸ್ಸಿಗೆ ಹಾಕಿದ್ದು ಮನೆಯಲ್ಲಿ ನಾಲ್ಕು ದಿನದ ಅನ್ನ. ಇಲ್ಲೇ ಇದ್ದರೆ ಎಲ್ಲರೂ ಅರ್ಧ ಹೊಟ್ಟೆ. ಹೋಗಿ ಸೋತರೆ ಮಕ್ಕಳಿಗೆ ಅದೂ ಇಲ್ಲ."

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರ ಹೆಂಡತಿ ಮಂಡಕ್ಕಿ ತಂದಿಟ್ಟರು. ಹಸಿಮೆಣಸು, ಸಾಸಿವೆ ಎಣ್ಣೆ ಹಾಕಿದ್ದು. ಇಡೀ ಪ್ರವಾಸದಲ್ಲಿ ತಿಂದ ಒಳ್ಳೆಯ ತಿಂಡಿ ಅದೇ.

ಢಾಕಾದಲ್ಲಿ ಇದೇ ಮಾತು ಸ್ಲೈಡಿನ ಮೇಲೆ ಬಂದಿತ್ತು. 2008ರಲ್ಲಿ ಈ ಕಡೆಯ ಹಳ್ಳಿಗಳಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು. ವಲಸೆ ಹೋಗಲು ಒಪ್ಪಿದ ಮನೆಗೆ 600 ಟಾಕಾ, ಕೆಲವರಿಗೆ ಹಾಗೇ, ಕೆಲವರಿಗೆ ಬಡ್ಡಿಯಿಲ್ಲದ ಸಾಲ. ಬಸ್ ಚಾರ್ಜಿಗೆ ಆಗುವಷ್ಟು. ಹೋಗುವವರ ಸಂಖ್ಯೆ ಚೆನ್ನಾಗಿಯೇ ಏರಿತು, ಅವರ ಮನೆಯವರು ಹೊಟ್ಟೆತುಂಬ ಉಂಡರು. ಮುಂದಿನ ವರ್ಷ ಯಾರೂ ದುಡ್ಡು ಕೊಡದಿದ್ದರೂ ಹಲವರು ತಾವೇ ಹೋದರು. ಒಂದು ಸಲ ದಾರಿ, ಧಣಿ, ಕೆಲಸ ಎಲ್ಲ ಗೊತ್ತಾಯಿತಲ್ಲ. ಆದರೆ 2017ರಲ್ಲಿ ಇದನ್ನೇ ದೊಡ್ಡದಾಗಿ ಮಾಡಿದಾಗ ಫಲ ಕಾಣಲಿಲ್ಲ, 2019ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಫಲ ಕಾಣಲಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ನನಗೆ ಹಿಡಿಸಿತು. ಅಂದು ಸಭೆಯಲ್ಲಿ ನಾನು ಸುಮ್ನೆ ತಲೆಯಾಡಿಸಿದ್ದೆ, ಅಷ್ಟೆ. ನಾಲ್ಕು ದಿನದ ಅನ್ನದ ಲೆಕ್ಕ ಆ ಸ್ಲೈಡಿನಲ್ಲಿ ಇರಲಿಲ್ಲ.

ಹಿರಿಯರು ಮೊದಲ ಸಲ ಢಾಕಾಕ್ಕೆ ಹೋಗಿದ್ದು ಬಸ್ಸಿನ ಟಾಪ್ ಮೇಲೆ ಕೂತು, ಅರ್ಧ ಚಾರ್ಜಿಗೆ. ರಿಕ್ಷಾ ತುಳಿದರು. ನನ್ನ ಇಂಜಿನ್ ಸೀಟಿನ ಗೋಳನ್ನು ಗೆಳೆಯ ಅವರಿಗೆ ಹೇಳಿಬಿಟ್ಟರು. ಗಂಡ ಹೆಂಡತಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಚಳಿ ಇರಲಿಲ್ಲವಲ್ಲ!" ಅಂದರು.

ವಾಪಸ್ ಬರುವಾಗ ಭಾನುವಾರ ಹಗಲಿನ ಬಸ್ ಹಿಡಿದೆ. ಕಿಟಕಿ ಪಕ್ಕದ ಸೀಟು, ಟಿಕೆಟ್ಟಿನ ಮೇಲೆ ನನ್ನದೇ ಹೆಸರು. ಕುರಿಗ್ರಾಮ ಬಿಡುವ ಮುಂಚೆ ಕೆಳಗೆ ಮೂವರು ಕಂಡಕ್ಟರ್ ಜೊತೆ ಚೌಕಾಸಿಗೆ ನಿಂತಿದ್ದರು. ಗಮ್ಚಾದಲ್ಲಿ, ಅಂದರೆ ತೆಳು ಟವೆಲ್ಲಿನಲ್ಲಿ, ಸುತ್ತಿದ ಕುಡುಗೋಲುಗಳು ಕಂಕುಳಲ್ಲಿ. ಒಬ್ಬ ಜೇಬಿನಲ್ಲಿದ್ದ ನೋಟುಗಳನ್ನು ಎರಡು ಸಲ ಎಣಿಸಿದ. ಎಷ್ಟಕ್ಕೆ ಕುದುರಿತೋ ಕೇಳಿಸಲಿಲ್ಲ. ಬಸ್ ಹೊರಟಾಗ ಇಬ್ಬರು ಒಳಗಿದ್ದರು.